ನೀಲಿ ಎಲೆಯ ಬೊನ್ಸಾಯ್ ಮೇಪಲ್ ನಿಜವೇ? ಒಳ್ಳೆಯ ಗಿಡ ಆರಿಸುವುದು ಹೇಗೆ?

ಪುಟ್ಟ ಕುಂಡದಲ್ಲಿ ನೀಲಿ ಎಲೆ ತುಂಬಿದ ಮರ. ಕೆಳಗೆ ‘ಬೊನ್ಸಾಯ್ ಮೇಪಲ್ ಬೀಜ, ಮಣ್ಣಿಗೆ ಹಾಕಿದರೆ ಸಾಕು’ ಎಂಬ ಸಾಲು, ಜೊತೆಗೊಂದು ಲಿಂಕ್. ಇಂಥ ಫೋಟೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಹಣ ಕಳಿಸುವ ಮುನ್ನ ಇದನ್ನು ಓದಿ.

ನೀಲಿ ಮೇಪಲ್ ಇದೆಯೇ?

ಇಲ್ಲ. ಮೇಪಲ್ ಎಲೆಗೆ ಹಸಿರು ಬರುವುದು ಕ್ಲೋರೊಫಿಲ್‌ನಿಂದ, ಹಳದಿ ಕೆರೋಟಿನಾಯ್ಡ್‌ನಿಂದ, ಕೆಂಪು ಮತ್ತು ಕಡುಗೆಂಪು ಆಂಥೋಸಯನಿನ್‌ನಿಂದ. ಅಚ್ಚ ನೀಲಿ ಎಲೆಯ ಮೇಪಲ್ ತಳಿಯೇ ಇಲ್ಲ. ಆ ಫೋಟೊಗಳಲ್ಲಿ ಬಣ್ಣ ಬದಲಿಸಿರುತ್ತಾರೆ.

‘ಬೊನ್ಸಾಯ್ ಬೀಜ’ ಎಂದರೇನು?

ಅಂಥದ್ದೊಂದು ಬೀಜವೂ ಇಲ್ಲ. ಬೊನ್ಸಾಯ್ ಎಂಬುದು ಗಿಡದ ಜಾತಿಯಲ್ಲ, ಬೆಳೆಸುವ ವಿಧಾನ. ಕೊಂಬೆ ಮತ್ತು ಬೇರುಗಳನ್ನು ಆಗಾಗ ಕತ್ತರಿಸಿ, ತಂತಿ ಸುತ್ತಿ ಆಕಾರ ಕೊಟ್ಟು ಮರವನ್ನು ಚಿಕ್ಕದಾಗಿಯೇ ಉಳಿಸುತ್ತಾರೆ. ಅದೇ ಬೀಜವನ್ನು ನೆಲಕ್ಕೆ ಹಾಕಿದರೆ 20 ಅಡಿ ಎತ್ತರದ ಮರವಾಗಬಹುದು.

ಜಪಾನಿ ಮೇಪಲ್ ಬೀಜ ಮೊಳೆಯಲು ಸುಮಾರು ಮೂರು ತಿಂಗಳು ತೇವ ಮತ್ತು ತಂಪು ಬೇಕು. ಬೀಜದಿಂದ ಹುಟ್ಟಿದ ಗಿಡ ತಾಯಿಗಿಡದಂತೆಯೇ ಇರುತ್ತದೆ ಎಂಬ ಖಾತರಿಯಿಲ್ಲ. ಕಾಂಡ ದಪ್ಪಗಾಗಲು ಹತ್ತು ವರ್ಷವೂ ಹಿಡಿಯಬಹುದು. ಅನುಭವಿಗಳು ಒಳ್ಳೆಯ ಗಿಡವನ್ನೇ ಹುಡುಕಿ ಕೊಳ್ಳುವುದು ಇದಕ್ಕೇ.

ಆರಿಸುವಾಗ ಏನು ನೋಡಬೇಕು?

ಬೇರು: ಮೇಲ್ಮಣ್ಣು ಸರಿಸಿ ನೋಡಿ. ಬೇರುಗಳು ಕಾಂಡದ ಬುಡದಿಂದ ಎಲ್ಲ ದಿಕ್ಕಿಗೂ ಹರಡಿರಬೇಕು. ಒಂದೇ ಕಡೆ ಬೇರಿದ್ದರೆ ಸರಿಪಡಿಸಲು ವರ್ಷಗಳೇ ಬೇಕು.

ಕಾಂಡ: ಬುಡ ದಪ್ಪಗಿದ್ದು ಮೇಲೆ ಹೋದಂತೆ ಸಣ್ಣಗಾಗಬೇಕು. ಕೋಲಿನಂತೆ ಒಂದೇ ಗಾತ್ರದ ಕಾಂಡ ಬೇಡ. ಕೆಳಗಡೆಯೂ ಕೊಂಬೆಗಳಿದ್ದರೆ ಒಳ್ಳೆಯದು.

ಕಸಿ ಗುರುತು: ನರ್ಸರಿಯ ಬಣ್ಣದ ತಳಿಗಳು ಹೆಚ್ಚಾಗಿ ಕಸಿ ಕಟ್ಟಿದವು. ಕಸಿಯ ಜಾಗದಲ್ಲಿ ಗಂಟು ಊದಿಕೊಂಡು, ವಯಸ್ಸಾದಂತೆ ಎದ್ದು ಕಾಣುತ್ತದೆ. ಬೀಜ, ಕಡ್ಡಿ ಅಥವಾ ಗೂಟಿಯಿಂದ ಬೆಳೆಸಿದ ಗಿಡ ಸಿಕ್ಕರೆ ಉತ್ತಮ.

ಗಿಣ್ಣು ಮತ್ತು ಎಲೆ: ಗಿಣ್ಣುಗಳ ನಡುವಿನ ಅಂತರ ಕಡಿಮೆಯಿರಲಿ, ಎಲೆ ಚಿಕ್ಕದಿರಲಿ. ಸವರಿದಾಗ ಎಲೆ ಇನ್ನಷ್ಟು ಚಿಕ್ಕದಾಗುತ್ತದೆ, ಆದರೆ ಉದ್ದ ಗಿಣ್ಣು ಗಿಡ್ಡವಾಗುವುದಿಲ್ಲ.

ಬಣ್ಣವನ್ನು ಕೊನೆಗೆ ನೋಡಿ. ಅದು ಋತುವಿನೊಂದಿಗೆ ಬದಲಾಗುತ್ತದೆ, ಬುಡ ಮಾತ್ರ ಹಾಗೆಯೇ ಉಳಿಯುತ್ತದೆ. ಹೊಸಬರಿಗೆ ಮೂರು ಸೀಳಿನ ಎಲೆಯ ಟ್ರೈಡೆಂಟ್ ಮೇಪಲ್ ಸುಲಭ. ಅದರ ಕಾಂಡ ಬೇಗ ದಪ್ಪಗಾಗುತ್ತದೆ, ಕತ್ತರಿಸಿದ ಗಾಯವೂ ಬೇಗ ಮುಚ್ಚಿಕೊಳ್ಳುತ್ತದೆ.

ನಮ್ಮ ಊರಿನಲ್ಲಿ ಬೆಳೆಯುತ್ತದೆಯೇ?

ಜಪಾನಿ ಮೇಪಲ್ ಜಪಾನ್, ಕೊರಿಯಾ ಕಡೆಯ ಮರ. ಚಳಿಗಾಲದಲ್ಲಿ ಎಲೆ ಉದುರಿಸಿ, ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ವಿಶ್ರಾಂತಿ ಪಡೆಯುತ್ತದೆ. ಬೆಂಗಳೂರಿನಲ್ಲಿ ಜನವರಿ ರಾತ್ರಿಯ ಸರಾಸರಿ ಕನಿಷ್ಠ ತಾಪಮಾನವೇ ಸುಮಾರು 16 ಡಿಗ್ರಿ ಸೆಲ್ಸಿಯಸ್. ವಿಶ್ರಾಂತಿ ಸಿಗದ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಬೇಸಿಗೆಯಲ್ಲಿ ಎಲೆಯ ಅಂಚು ಸುಡುತ್ತದೆ. ಎಸಿ ಕೋಣೆಯಲ್ಲಿಟ್ಟರೆ ಚಳಿಯೂ ಸಾಲದು, ಬೆಳಕೂ ಸಾಲದು.

ಅಮೆರಿಕ, ಇಂಗ್ಲೆಂಡ್‌ನ ಚಳಿ ಪ್ರದೇಶದಲ್ಲಿರುವ ನಮ್ಮವರು ಇದನ್ನು ಹಿತ್ತಲಲ್ಲೇ ಬೆಳೆಸಬಹುದು. ಆದರೆ ಅಲ್ಲಿಂದ ಬರುವಾಗ ಗಿಡವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಭಾರತಕ್ಕೆ ಗಿಡ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಗಿಡದೊಂದಿಗೆ ರೋಗ, ಕೀಟಗಳೂ ಬರಬಹುದು ಎಂಬುದೇ ಇದಕ್ಕೆ ಕಾರಣ.

ಹಾಗಾದರೆ ನಾವೇನು ಬೆಳೆಸಬೇಕು?

ಆಲ, ಅರಳಿ, ಹುಣಸೆ, ಬೋಗನ್‌ವಿಲ್ಲಾ. ಇವೆಲ್ಲ ನಮ್ಮ ಬಿಸಿಲಿಗೆ ಒಗ್ಗಿದ, ಬೊನ್ಸಾಯ್‌ಗೆ ಚೆನ್ನಾಗಿ ಹೊಂದುವ ಗಿಡಗಳು. ಬೇರು, ಕಾಂಡ, ಗಿಣ್ಣು ನೋಡಿ ಆರಿಸುವ ಕ್ರಮ ಇವಕ್ಕೂ ಅನ್ವಯಿಸುತ್ತದೆ.

ಒಟ್ಟಿನಲ್ಲಿ: ನೀಲಿ ಮೇಪಲ್ ಸುಳ್ಳು, ‘ಬೊನ್ಸಾಯ್ ಬೀಜ’ ಎಂಬ ಹೆಸರು ದಾರಿ ತಪ್ಪಿಸುವಂಥದ್ದು. ಆ ಫೋಟೊ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಮಾಹಿತಿ ಕಳಿಸಿ.