ಫಿಲ್ಮು ಮರಳಿತು, ನೆಗೆಟಿವ್‌ಗಳ ಗತಿ?

ನಿಂತೇಹೋಯಿತು ಎಂದುಕೊಂಡಿದ್ದ ಕಪ್ಪು-ಬಿಳುಪು ಫಿಲ್ಮು ಮತ್ತೆ ಅಂಗಡಿಗೆ ಬಂದಿದೆ. 2012ರಲ್ಲಿ ಕೈಬಿಟ್ಟಿದ್ದ ಟಿ-ಮ್ಯಾಕ್ಸ್ ಪಿ3200 ಫಿಲ್ಮನ್ನು ಕೊಡಾಕ್ 2018ರಲ್ಲಿ ಪುನಃ ತಂದಿತು. ಅದೇ 2018ರಲ್ಲಿ ಜಪಾನಿನ ಫ್ಯೂಜಿಫಿಲ್ಮ್ ತನ್ನ ನಿಯೋಪಾನ್ ಅಕ್ರೋಸ್ 100 ಫಿಲ್ಮನ್ನು ನಿಲ್ಲಿಸುವುದಾಗಿ ಹೇಳಿತು. ಅದನ್ನೇ ನೆಚ್ಚಿಕೊಂಡಿದ್ದವರು ಬಿಡಲಿಲ್ಲ, ಬೇಕೇಬೇಕೆಂದರು. 2019ರ ನವೆಂಬರಿನಲ್ಲಿ ಅಕ್ರೋಸ್-2 ಎಂಬ ಹೆಸರಿನಲ್ಲಿ ಅದು ಮರಳಿತು. ಹಳೆಯ ಕಚ್ಚಾ ಸಾಮಗ್ರಿ ಸಿಗದೆ ಕಂಪನಿ ಬದಲಿ ಹುಡುಕಿ, ಇಡೀ ಪಾಕವನ್ನೇ ಹೊಸದಾಗಿ ಕೂಡಿಸಬೇಕಾಯಿತು.

ಈ ಸುದ್ದಿ ನನಗೆ ಸಂತೋಷ ಕೊಟ್ಟಿದೆ. ಆದರೆ ಕೊಪ್ಪಳ ಜಿಲ್ಲೆಯಲ್ಲಿ ಕುಳಿತು ಯೋಚಿಸಿದರೆ ಆತಂಕವೂ ಆಗುತ್ತದೆ. ಗಿರಾಕಿ ಇದ್ದರೆ ಕಾರ್ಖಾನೆ ಫಿಲ್ಮನ್ನು ಮತ್ತೆ ಮಾಡೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳೆಯ ಸ್ಟುಡಿಯೋಗಳ ಅಟ್ಟದ ಮೇಲೆ ನಮ್ಮ ಜನರ ಮುಖಗಳನ್ನು ಹೊತ್ತು ಬಿದ್ದಿರುವ ನೆಗೆಟಿವ್‌ಗಳನ್ನು ಯಾವ ಕಾರ್ಖಾನೆಯೂ ಮತ್ತೆ ಮಾಡಲಾರದು.

ನಮ್ಮ ದೇಶಕ್ಕೂ ಒಂದು ಫಿಲ್ಮ್ ಕಾರ್ಖಾನೆ ಇತ್ತು. 1960ರಲ್ಲಿ ಕೇಂದ್ರ ಸರ್ಕಾರ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. ಫ್ರಾನ್ಸಿನ ಬೋಷೆ ಕಂಪನಿಯ ಸಹಯೋಗದಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಹೆಸರಿನ ರೋಲು, ಫೋಟೋ ಕಾಗದ, ಎಕ್ಸ್-ರೇ ಫಿಲ್ಮು ಅಲ್ಲಿಂದ ದೇಶದ ಮೂಲೆಮೂಲೆಗೆ ಹೋದವು. 1996ರಲ್ಲಿ ಅದು ರೋಗಗ್ರಸ್ತ ಉದ್ದಿಮೆ ಎನಿಸಿಕೊಂಡಿತು. ಕೊನೆಗೆ ಬಾಗಿಲನ್ನೇ ಹಾಕಿತು. ಅಕ್ರೋಸ್‌ಗಾಗಿ ದನಿಯೆತ್ತಿದಂತೆ ‘ಇಂದು’ಗಾಗಿ ಯಾರೂ ಎತ್ತಲಿಲ್ಲ ಎಂಬ ನೋವು ನನಗಿದೆ.

ಫಿಲ್ಮು ಊರಿಗೆ ಬಂದರೂ ಅದನ್ನು ತೊಳೆಯುವುದಕ್ಕೆ ನಮ್ಮ ಸೀಮೆ ಹೇಳಿಮಾಡಿಸಿದ ಜಾಗವೇನಲ್ಲ. ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕು ಎನ್ನುತ್ತದೆ ತೊಳೆಯುವ ಕ್ರಮದ ಪಟ್ಟಿ. ಏಪ್ರಿಲ್-ಮೇ ತಿಂಗಳಲ್ಲಿ ಕುಷ್ಟಗಿಯ ನಲ್ಲಿ ತಿರುವಿದರೆ ಬರುವುದೇ ಬಿಸಿನೀರು. ಬಿಸಿ ಹೆಚ್ಚಾದರೆ ಫಿಲ್ಮಿನ ಮೇಲಿನ ಜೆಲಾಟಿನ್ ಮೆತ್ತಗಾಗಿ, ಬೆರಳು ತಾಗಿದರೂ ಕಿತ್ತುಬರುತ್ತದೆ. ಹೀಗಾಗಿ ಬೆಳಗಿನ ಜಾವ ಎದ್ದು ತೊಳೆಯಬೇಕು, ಇಲ್ಲವೇ ಟ್ರೇಯನ್ನು ಐಸ್ ಗಡ್ಡೆಯ ಮೇಲಿಟ್ಟು ಕೆಲಸ ಮಾಡಬೇಕು. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಲ್ಲಿ ಅದ್ದಿದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಏಳುತ್ತದೆ. ಬರಗಾಲದ ಊರುಗಳಲ್ಲಿ ಹರಿಯುವ ನೀರು ಎಲ್ಲಿತ್ತು? ಆದರೂ ಸ್ಟುಡಿಯೋದವರು ಕೊಡಗಟ್ಟಲೆ ನೀರು ಹೊತ್ತು ತಂದು ತೊಳೆದು ಒಣಹಾಕಿದರು. ಆಮೇಲೆ ಚೂಪು ಪೆನ್ಸಿಲ್ಲು ಹಿಡಿದು, ನೆಗೆಟಿವ್ ಮೇಲೇ ಸಿಡುಬಿನ ಗುಳಿಗಳನ್ನು ಒಂದೊಂದಾಗಿ ಮುಚ್ಚುವ ಟಚಿಂಗ್ ಕೆಲಸ. ಈ ಶ್ರಮಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ.

ಕಪ್ಪು-ಬಿಳುಪಿನಲ್ಲಿ ಬಣ್ಣವನ್ನು ಗುರುತು ಹಿಡಿಯುವುದೂ ಒಂದು ವಿದ್ಯೆಯೇ. ಇಳಕಲ್ ಕುಷ್ಟಗಿಗೆ ಹತ್ತಿರದ ಊರು. ಈ ಭಾಗದ ಹಳೆಯ ಮದುವೆ ಫೋಟೋ ಎಂದರೆ ಇಳಕಲ್ ಸೀರೆ ಇದ್ದೇ ಇರುತ್ತದೆ. ಹಿಂದಿನ ಆರ್ಥೋ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಹಾಗಾಗಿ ಕೆಂಪು ತೋಪತೆನಿ ಸೆರಗು ಅದರಲ್ಲಿ ಇದ್ದಿಲಿನಷ್ಟು ಕಪ್ಪು. ಕೆಂಪನ್ನೂ ಕಾಣುವ ಪ್ಯಾನ್ ಫಿಲ್ಮಿನಲ್ಲಿ ಅದೇ ಸೆರಗು ಹಿತವಾದ ಬೂದು. ಫೋಟೋದಲ್ಲಿ ಸೆರಗು ಹೇಗೆ ಬಂದಿದೆ ಎಂಬುದನ್ನು ನೋಡಿಯೇ ಯಾವ ಬಗೆಯ ಫಿಲ್ಮು ಎಂದು ಬಲ್ಲವರು ಊಹಿಸಬಹುದು.

ಇನ್ನು ಲಿಂಗಾಯತ ಮನೆಗಳಲ್ಲಿ, ತೀರಿಕೊಂಡ ಹಿರಿಯರನ್ನು ಹೂಮಾಲೆ, ವಿಭೂತಿ ಸಮೇತ ಕೂರಿಸಿ, ಸುತ್ತಲೂ ಮಕ್ಕಳು ಮರಿಗಳು ಕೂತು ತೆಗೆಸಿದ ಕೊನೆಯ ಫೋಟೋ. ಎಷ್ಟೋ ಅಜ್ಜಿಯರದ್ದು ತೆಗೆದ ಫೋಟೋ ಅದೊಂದೇ. ಆ ನೆಗೆಟಿವ್ ಹೋದರೆ ಆಕೆಯ ಮುಖವೇ ಹೋದಂತೆ.

ನೆಗೆಟಿವ್ ಒಂದರ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ, ಆನೆಗೊಂದಿ ದಾಟಿ ಹೊಳೆಯಾಚೆ ಹೋದರೆ ಸಾಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟ. ಅವು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿದ್ದವು. ಬೆಳಕಿಗೆ ಬಂದ ಮೇಲೆ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದು ಇಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ನೋಡುವ ರಥ ಬೋಳು ನೆತ್ತಿಯದು. ಆ ಕಾಗದದ ಹಾಳೆ ಗೆದ್ದಲ ಪಾಲಾಗಿದ್ದರೆ ಆ ಶಿಖರಕ್ಕೆ ಇದ್ದ ಒಂದು ಸಾಕ್ಷಿ ಕಳೆದುಹೋಗುತ್ತಿತ್ತು.

ನಮ್ಮ ಸ್ಟುಡಿಯೋಗಳ ನೆಗೆಟಿವ್‌ಗಳಲ್ಲಿ ಏನೇನಿದೆಯೋ. ಇಟಗಿಯ ಮಹಾದೇವ ದೇವಾಲಯದ ಅಂಗಳ, ಕಿನ್ನಾಳದ ಚಿತ್ರಗಾರರ ಮನೆ, ಹೈದರಾಬಾದ್ ಸಂಸ್ಥಾನದ ವಿರುದ್ಧ ಹೋರಾಡಿದವರು, ತುಂಗಭದ್ರಾ ಹಿನ್ನೀರಿನಲ್ಲಿ ಮುಳುಗಿದ ಊರಿನ ಜನ ಹೊಸ ಜಾಗದಲ್ಲಿ ಕಟ್ಟಿದ ಮೊದಲ ಮನೆ, ಕಾಲುವೆ ನೀರು ಬಂದ ಮೇಲೆ ಗಂಗಾವತಿಯಲ್ಲಿ ಎದ್ದ ಅಕ್ಕಿ ಗಿರಣಿಗಳು. ಇವುಗಳಲ್ಲಿ ಯಾವುದು ಯಾವ ಡಬ್ಬಿಯಲ್ಲಿದೆ ಎಂಬುದನ್ನು ಬಿಚ್ಚಿ ನೋಡಿದರೆ ಮಾತ್ರ ಹೇಳಬಹುದು. ಅಷ್ಟರಲ್ಲಿ ಬಿಸಿಲು ತನ್ನ ಕೆಲಸ ಮಾಡುತ್ತಿದೆ. ಅಸಿಟೇಟ್ ಫಿಲ್ಮು ಸೆಕೆಗೆ ಕೊಳೆತು ಹುಳಿ ವಾಸನೆ ಬರುತ್ತದೆ, ಮುರುಟಿಕೊಳ್ಳುತ್ತದೆ. ಒಂದು ಕೆಟ್ಟರೆ ಅದರ ಆವಿಗೆ ಪಕ್ಕದ್ದೂ ಕೆಡುತ್ತದೆ. ಉಳಿದದ್ದನ್ನು ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯುವವರು ತೂಕಕ್ಕೆ ಕೊಂಡು ಸುಡುತ್ತಾರೆ. ಅಂಗಡಿ ಮುಚ್ಚುವ ಮಾಲೀಕರನ್ನು ನಾನು ದೂರಲಾರೆ. ಬಾಡಿಗೆ ಕೋಣೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾರು?

ಮಾಡಬೇಕಾದ ಕೆಲಸಕ್ಕೆ ಭಾರಿ ಅನುದಾನ ಬೇಕಿಲ್ಲ. ಹುಳಿ ವಾಸನೆಯವನ್ನು ಮೊದಲು ಬೇರೆ ಮಾಡಬೇಕು. ಪ್ಲಾಸ್ಟಿಕ್ ತೆಗೆದು ಕಾಗದದ ಲಕೋಟೆಗೆ ಹಾಕಿ, ತಂಪಾದ ಒಣ ಕೋಣೆಯಲ್ಲಿಡಬೇಕು. ಬೆಳಕಿನ ಹಲಗೆಯ ಮೇಲಿಟ್ಟು ಒಳ್ಳೆಯ ಡಿಜಿಟಲ್ ಕ್ಯಾಮೆರಾದಿಂದ ಪ್ರತಿ ತೆಗೆಯಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕೊಪ್ಪಳ ವಿಶ್ವವಿದ್ಯಾಲಯ ಸೇರಿ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಹಚ್ಚಬೇಕು. ಹೊಸ ಫಿಲ್ಮು ಕೊಂಡು ಆನೆಗೊಂದಿ, ಹಿರೇಬೆಣಕಲ್ ಗುಡ್ಡ ಹತ್ತುವ ತರುಣರು ಊರಿಗೊಬ್ಬರಂತೆ ಹಳೆಯ ಸ್ಟುಡಿಯೋದವರ ಬಳಿ ಕೂತರೆ ವಿದ್ಯೆಯೂ ಸಿಕ್ಕೀತು, ಡಬ್ಬಿಯೂ ಉಳಿದೀತು. ಮನೆಮಂದಿಯ ಒಪ್ಪಿಗೆಯಿಲ್ಲದೆ ಯಾರ ಫೋಟೋವನ್ನೂ ಹೊರಗೆ ಹಾಕಬಾರದು, ಸಾವಿನ ಫೋಟೋವನ್ನಂತೂ ಕೂಡದು.

ಲಕೋಟೆಯ ಮೇಲೆ ಹೆಸರು ಬರೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಅದಕ್ಕೇ ಸಮಯವಿಲ್ಲ. ಫೋಟೋದಲ್ಲಿ ಇರುವವರು ಯಾರೆಂದು ಬಲ್ಲ ಹಿರಿಯರಿಗೆ ಈಗ ವಯಸ್ಸಾಗಿದೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ನಾಲ್ಕೂ ಕಡೆಯ ಊರುಗಳಿಂದ ಲಕ್ಷಾಂತರ ಮಂದಿ ಕೊಪ್ಪಳಕ್ಕೆ ಬರುತ್ತಾರೆ. ಜಿಲ್ಲಾಡಳಿತ ಅಲ್ಲೊಂದು ಮಳಿಗೆ ಕೊಡಲಿ. ಒಪ್ಪಿಗೆ ಸಿಕ್ಕ ಹಳೆಯ ಗುಂಪು ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ತೂಗುಹಾಕಿ, ಪ್ರತಿಯೊಂದರ ಕೆಳಗೂ ಖಾಲಿ ಹಾಳೆ, ಪೆನ್ನು ಇಡಲಿ. ಬರೆಯಲು ಬಾರದ ಅಜ್ಜ ಅಜ್ಜಿಯರು ಹೇಳಿದ್ದನ್ನು ಬರೆದುಕೊಳ್ಳಲು ಪಕ್ಕದಲ್ಲೊಬ್ಬ ಕಾಲೇಜು ವಿದ್ಯಾರ್ಥಿಯನ್ನು ಕೂರಿಸಲಿ.