ಉಳಿಸಿ ತಂದ ಹುರಿಗಾಳು

ಅತ್ತೆ–ಸೊಸೆ ಅಂದ ತಕ್ಷಣ ನಮಗೆ ನೆನಪಾಗೋದು ಸೀರಿಯಲ್ ಜಗಳ. ಆದರೆ ಬೈಬಲ್‌ನಲ್ಲಿ ಬೇರೆಯದೇ ಅತ್ತೆ–ಸೊಸೆ ಇದ್ದಾರೆ. ರೂತಳ ಪುಸ್ತಕ, ಇರೋದು 4 ಅಧ್ಯಾಯ ಅಷ್ಟೇ.

ಬೇತ್ಲೆಹೇಮಿನಲ್ಲಿ ಬರ ಬಂದಾಗ ನೊವೊಮಿ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೋಗ್ತಾಳೆ. ಅಲ್ಲೇ ಗಂಡ ತೀರಿಕೊಳ್ಳುತ್ತಾನೆ. ಮಕ್ಕಳು ಅಲ್ಲಿನ ಹುಡುಗಿಯರನ್ನೇ ಮದುವೆಯಾಗುತ್ತಾರೆ. ಕೊನೆಗೆ ಅವರೂ ಉಳಿಯೋದಿಲ್ಲ. ಊರಿಗೆ ವಾಪಸ್ ಹೊರಟ ನೊವೊಮಿ ಸೊಸೆಯರಿಗೆ ತವರಿಗೆ ಹೋಗಿ, ಹೊಸ ಬದುಕು ಕಟ್ಟಿಕೊಳ್ಳಿ ಅಂತಾಳೆ. ಒರ್ಫಾ ಅಳುತ್ತಾ ಮುತ್ತಿಟ್ಟು ಹೊರಡುತ್ತಾಳೆ. ಅವಳದೇನೂ ತಪ್ಪಲ್ಲ, ಅತ್ತೆ ಹೇಳಿದ್ದನ್ನೇ ಮಾಡಿದಳು. ರೂತಳು ಮಾತ್ರ ಬಿಟ್ಟು ಹೋಗೋದಿಲ್ಲ.

ನನ್ನನ್ನು ಕಾಡೋದು ಮುಂದಿನ ದೃಶ್ಯ. ಬೇತ್ಲೆಹೇಮಿನ ಹೆಂಗಸರ ಮುಂದೆ ನೊವೊಮಿ, ತುಂಬಿದವಳಾಗಿ ಹೋದೆ, ಬರಿಗೈಲಿ ಬಂದೆ ಅಂತಾಳೆ. ಜೊತೆಗೆ ಬಂದ ರೂತಳು ಇದ್ದಾಳಲ್ಲ! ತನ್ನ ಊರು, ದೇವರು, ತವರು ಎಲ್ಲ ಬಿಟ್ಟು ಬಂದವಳು ಲೆಕ್ಕಕ್ಕೇ ಇಲ್ಲ. ನಾವಾಗಿದ್ರೆ "ಹಾಗಾದ್ರೆ ನಾನ್ಯಾರು?" ಅಂತ ಕೇಳಿಬಿಡ್ತಿದ್ವಿ.

ರೂತಳು ಜವೆಗೋಧಿ ಹೊಲಕ್ಕೆ ಹಕ್ಕಲು ಆರಿಸಲು ಹೋದಳು. ಕೊಯ್ಲಿನಲ್ಲಿ ಬಿದ್ದ ತೆನೆ ಬಡವರಿಗೆ, ಪರದೇಶಿಗಳಿಗೆ ಸೇರಬೇಕು ಅನ್ನೋದು ಅಲ್ಲಿನ ಧರ್ಮಶಾಸ್ತ್ರದ ನಿಯಮ. ಹೊಲದ ಯಜಮಾನ ಬೋವಜ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೇಕಂತಲೇ ಒಂದಿಷ್ಟು ತೆನೆ ಬಿಡಿ, ಅವಳನ್ನು ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ. ಅವಳ ದುಡಿಮೆಯ ಮರ್ಯಾದೆಯೂ ಉಳಿಯಿತು.

ಮಧ್ಯಾಹ್ನ ಅವನು ಕೊಟ್ಟ ಹುರಿಗಾಳನ್ನು ರೂತಳು ತಿಂದು, ಒಂದಿಷ್ಟು ಎತ್ತಿಟ್ಟಳು. ಸಂಜೆ ಒಂದು ಏಫಾ, ಅಂದ್ರೆ ಸುಮಾರು 22 ಲೀಟರ್ ಜವೆಗೋಧಿ ಹೊತ್ತು ಮನೆಗೆ ಬಂದಳು. ಜೊತೆಗೆ ಆ ಹುರಿಗಾಳನ್ನೂ ಅತ್ತೆಯ ಕೈಗೆ ಕೊಟ್ಟಳು. ಬರಿಗೈ ಅಂದಿದ್ದಳಲ್ಲ, ಅದೇ ಕೈಗೆ.

ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಹೆಸೆದ್' ಅಂತಾರೆ. ಕರುಣೆ, ನಿಷ್ಠೆ ಎರಡೂ ಸೇರಿದ ಪದ.

ಮುಂದೆ ಬೋವಜ ರೂತಳನ್ನು ಮದುವೆಯಾಗುತ್ತಾನೆ, ಮಗನೂ ಹುಟ್ಟುತ್ತಾನೆ. ಅವನೇ ದಾವೀದ ರಾಜನ ಅಜ್ಜ. ಆಗ ಊರ ಹೆಂಗಸರು ನೊವೊಮಿಗೆ, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಅಂತ ಹೇಳ್ತಾರೆ. ಬರಿಗೈ ಮಾತಿಗೆ ಉತ್ತರ ಕೊಟ್ಟವರು ಅವರು. ರೂತಳು ಕೊನೆಗೂ ಆ ಮಾತು ಎತ್ತಲಿಲ್ಲ.

ದುಃಖದಲ್ಲಿರೋ ಮನೆಯವರಿಗೆ ಕೆಲವೊಮ್ಮೆ ಪಕ್ಕದಲ್ಲಿರೋ ನಾವು ಕಾಣೋದೇ ಇಲ್ಲ. ಬೇಜಾರಾಗುತ್ತೆ, ನಿಜ. ಆದ್ರೂ ಇವತ್ತು ಸಂಜೆ ಹೋಗುವಾಗ ಅವರಿಗಿಷ್ಟವಾದದ್ದು ಏನಾದ್ರೂ ಒಂದು ಹಿಡಿ ತಗೊಂಡು ಹೋಗಿ. ಲೆಕ್ಕ ಆಮೇಲೆ ನೋಡೋಣ.