ಕಳುಹಿಸಬಹುದೇ ಮೇಡಂ?

ಕಳೆದ ಏಪ್ರಿಲ್ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಸರು ಬೇಡ, ಇದನ್ನು ಓದಿದಾಗ ಅವನಿಗೆ ತಿಳಿಯುತ್ತದೆ. ಒಂಬತ್ತನೆಯ ತರಗತಿ ಮುಗಿಸಿದ ಅವನ ಮಗಳು ಎನ್.ಸಿ.ಸಿ.ಯ ಹತ್ತು ದಿನಗಳ ವಾರ್ಷಿಕ ಶಿಬಿರಕ್ಕೆ ಹೋಗಲೇಬೇಕೆಂದು ಹಟ ಹಿಡಿದಿದ್ದಳಂತೆ. ಮನೆಯಲ್ಲಿ ಅಜ್ಜಿ ಒಪ್ಪಿಲ್ಲ, ತಾಯಿಗೆ ಅರೆಮನಸ್ಸು. ಇತ್ತ ಎಸ್.ಎಸ್.ಎಲ್.ಸಿ.ಗೆಂದು ರಜೆಯಲ್ಲೇ ಆರಂಭವಾಗುವ ಕೋಚಿಂಗ್ ತರಗತಿಗೆ ಹಣವನ್ನೂ ಕಟ್ಟಿಯಾಗಿದೆ. "ಕಳುಹಿಸಬಹುದೇ ಮೇಡಂ?" ಎಂದು ಕೇಳಿದ. ಕಳುಹಿಸು ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಟ್ಟೆ. ಆದರೆ ಹಾಗೆ ಹೇಳುವ ಅಧಿಕಾರ ನನಗಿದೆಯೇ ಎಂಬ ಪ್ರಶ್ನೆ ಅಂದಿನಿಂದ ಕಾಡುತ್ತಿದೆ. ಅದಕ್ಕಾಗಿಯೇ ಈ ಬರಹ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲೆಯಲ್ಲಿದ್ದಾಗ ನಾನು ಗೈಡ್ ಕ್ಯಾಪ್ಟನ್ ಆಗಿದ್ದೆ. 1991ರ ಮೇ ತಿಂಗಳಿನಲ್ಲಿ ಎಂಟು ಮಂದಿ ಹುಡುಗಿಯರನ್ನು ಹತ್ತು ದಿನಗಳ ಶಿಬಿರಕ್ಕಾಗಿ ಕೊಂಡಜ್ಜಿಗೆ ಕರೆದೊಯ್ದಿದ್ದೆ. ಹರಿಹರ ತಾಲ್ಲೂಕಿನ ಆ ಊರು ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಸ್ಕೌಟ್ ಚಳವಳಿಗೆ ತಮ್ಮನ್ನು ತೆತ್ತುಕೊಂಡ ಕೊಂಡಜ್ಜಿ ಬಸಪ್ಪನವರ ಊರದು. ಕೆರೆ, ಗುಡ್ಡ, ಮರಗಳ ನಡುವಣ ತಾಣ.

ಹೋಗುವುದಕ್ಕಿಂತ ಹೊರಡಿಸುವುದೇ ದೊಡ್ಡ ಸಾಹಸವಾಗಿತ್ತು. ನಮ್ಮ ಕಡೆ ಬೇಸಿಗೆಯೆಂದರೆ ಬಿತ್ತನೆ ಶೇಂಗಾ ಸುಲಿಯುವ ಕಾಲ. ಮಳೆಗೆ ಮೊದಲು ಚೀಲಗಟ್ಟಲೆ ಕಾಯಿಯನ್ನು ಕೈಯಿಂದಲೇ ಬಿಡಿಸಬೇಕು, ಬೀಜ ಒಡೆಯಕೂಡದು. ಆ ಕೆಲಸ ಯಾರ ಪಾಲಿಗೆ ಎಂದು ಬೇರೆ ಹೇಳಬೇಕಿಲ್ಲ. ಒಬ್ಬ ತಂದೆಯಂತೂ ನೇರವಾಗಿಯೇ ಕೇಳಿದರು: "ಆತು ಅಕ್ಕೋರೇ, ಕರ್ಕೊಂಡು ಹೋಗ್ರಿ. ಶೇಂಗಾ ಯಾರು ಸುಲೀತಾರೆ?" ನಾನು ಬಂದು ಸುಲಿಯುತ್ತೇನೆ ಎಂದುಬಿಟ್ಟೆ. ಕೊಟ್ಟ ಮಾತಿನಂತೆ ಎರಡು ಭಾನುವಾರ ಅವರ ಪಡಸಾಲೆಯಲ್ಲಿ ಕುಳಿತು ಸುಲಿದದ್ದೂ ಉಂಟು. ಹೆಬ್ಬೆರಳು ಬಾತು, ವಾರವಿಡೀ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಗಿತ್ತು!

ಗಂಡುಮಕ್ಕಳ ತಂದೆಯರು ಸ್ಕೌಟ್ ಮಾಸ್ತರರನ್ನು ಇಂತಹ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ.

ಮೊದಲ ಮೂರು ರಾತ್ರಿ ಡೇರೆಯೊಳಗೆ ಬರೀ ಅಳು. ಒಬ್ಬಳು ನಿಲ್ಲಿಸಿದರೆ ಮತ್ತೊಬ್ಬಳು. ನಾಲ್ಕನೆಯ ದಿನ ಏನಾಯಿತೋ ತಿಳಿಯದು, ಬೆಳಗಿನ ಡೇರೆ ತಪಾಸಣೆಗೆ ಹೋದಾಗ ಬಿದಿರು, ಹಗ್ಗಗಳಿಂದ ತಾವೇ ಕಟ್ಟಿದ ಚಪ್ಪಲಿ ಗೂಡನ್ನು ತೋರಿಸಲು ಎಂಟೂ ಜನ ಮುಗಿಬಿದ್ದರು. ಇದನ್ನು ಅನೇಕ ಶಿಬಿರಗಳಲ್ಲಿ ಕಂಡಿದ್ದೇನೆ. ಆದ್ದರಿಂದಲೇ ಎರಡು ಮೂರು ದಿನಗಳ ಶಿಬಿರಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಅಳು ಮುಗಿಯುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ.

ಶಿಬಿರದಲ್ಲಿ ಪ್ರತಿ ತಂಡದ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು, ಅಡುಗೆ ಮಾಡಿದವರೂ ಸಹ. ನಮ್ಮ ತಂಡದ ನಾಯಕಿ ಎಲ್ಲರಿಗೂ ಬಡಿಸಿ ಕೈಕಟ್ಟಿ ನಿಂತೇ ಇದ್ದಳು. ಕುಳಿತುಕೊಳ್ಳಮ್ಮ ಎಂದಾಗ, "ನಾನೂ ಈಗ್ಲೇ ಕೂರ್ಬೇಕಾ ಮೇಡಂ?" ಎಂದಳು. ಹದಿನೈದು ವರ್ಷದ ಹುಡುಗಿ. ಮನೆಯಲ್ಲಿ ಅಪ್ಪ, ಅಣ್ಣಂದಿರ ಊಟವಾಗದೆ ತಟ್ಟೆ ಮುಟ್ಟಿದವಳಲ್ಲ.

ಇನ್ನೊಂದು ಪ್ರಸಂಗದಲ್ಲಿ ತಪ್ಪಿದವಳು ನಾನೇ. ಆರನೆಯ ದಿನ ಧ್ವಜ ಕಟ್ಟುವ ಸರದಿ ನಮ್ಮ ತಂಡದ್ದು. ಅದಕ್ಕೆ ನಿಯೋಜಿತಳಾದ ಹುಡುಗಿ ಮುಂಜಾನೆ ನನ್ನ ಬಳಿ ಬಂದು, ತಾನು ಹೊರಗಾಗಿರುವುದಾಗಿಯೂ ಧ್ವಜ ಮುಟ್ಟಬಾರದಲ್ಲವೇ ಎಂದೂ ಪಿಸುಗುಟ್ಟಿದಳು. ಮನೆಯಲ್ಲಿ ಮೂರು ದಿನ ಜಗಲಿಯಾಚೆ ಕೂರುತ್ತಿದ್ದ ಹುಡುಗಿ ಆಕೆ. ಬಿ.ಎಡ್. ಮಾಡಿದ, ಗೈಡ್ ತರಬೇತಿ ಪಡೆದ ನಾನು ಏನು ಹೇಳಿದೆ ಗೊತ್ತೇ? "ಬೇರೆಯವಳನ್ನು ಕಳಿಸೋಣ ಬಿಡು" ಎಂದೆ. ಪಕ್ಕದಲ್ಲಿದ್ದ ಶಿಬಿರದ ಮುಖ್ಯಸ್ಥೆ, ವಯಸ್ಸಾದ ತಾಯಿ, ನನ್ನತ್ತ ನೋಡಲೂ ಇಲ್ಲ. ಹುಡುಗಿಯ ಕೊರಳವಸ್ತ್ರ ಸರಿಪಡಿಸುತ್ತ, "ಧ್ವಜಕ್ಕೇನು ಗೊತ್ತಾಗುತ್ತೆ ಮಗಾ, ಗಂಟು ಸರಿಯಾಗಿ ಹಾಕು ಸಾಕು" ಎಂದರು. ಧ್ವಜ ಏರಿತು. ನನ್ನ ಮುಖ ಕೆಂಪೇರಿದ್ದನ್ನು ಯಾರೂ ಗಮನಿಸಲಿಲ್ಲವೆಂದು ಭಾವಿಸುತ್ತೇನೆ.

ಈ ಗೈಡ್ ಸಂಸ್ಥೆ ಹುಟ್ಟಿದ್ದೇ ಹುಡುಗಿಯರ ಹಟದಿಂದ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೇಡನ್ ಪೊವೆಲ್ಲರು ನಡೆಸಿದ ಬಾಲಕರ ಸ್ಕೌಟ್ ಮೇಳಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು, ನಾವೂ ಸ್ಕೌಟರೇ ಎಂದು ನಿಂತರು. ಮರುವರ್ಷ ಪೊವೆಲ್ಲರು ತಮ್ಮ ಸೋದರಿ ಆಗ್ನೆಸ್ ಅವರ ನೆರವಿನಿಂದ ಗರ್ಲ್ ಗೈಡ್ಸ್ ಆರಂಭಿಸಬೇಕಾಯಿತು. 1911ರಲ್ಲಿಯೇ ಜಬಲ್ಪುರದಲ್ಲಿ ಭಾರತದ ಮೊದಲ ಗೈಡ್ ದಳ ಆರಂಭವಾಯಿತು. ನನ್ನ ವಿದ್ಯಾರ್ಥಿಯ ಮಗಳ ಹಟಕ್ಕೆ ನೂರು ವರ್ಷಕ್ಕೂ ಮಿಕ್ಕ ಪರಂಪರೆಯಿದೆಯೆಂದು ಅವಳ ಅಜ್ಜಿಗೆ ಯಾರಾದರೂ ತಿಳಿಸಬೇಕು!

ಶಿಬಿರಕ್ಕೆ ಹೋಗಿ ಬಂದ ಮಾತ್ರಕ್ಕೆ ಬದುಕು ಬದಲಾಗಿಬಿಡುತ್ತದೆಂದು ನಾನು ಹೇಳಲಾರೆ. ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದ ಆ ನಾಯಕಿಗೆ ಮರುವರ್ಷದ ಬೇಸಿಗೆಯಲ್ಲೇ ಮದುವೆ ಮಾಡಿದರು. ನಾನು ಹೋಗಿ ಬೇಡಿಕೊಂಡೆ, ಫಲಿಸಲಿಲ್ಲ. ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧುವೆನ್ನುವ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದದ್ದು ಬಹಳ ತಡವಾಗಿ, 2017ರಲ್ಲಿ. ಅದಾದ ಬಳಿಕವೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಆಕೆ ಕೆಲವು ವರ್ಷಗಳ ನಂತರ ಒಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದಳು. ತೊಟ್ಟಿಲಿನ ಹಗ್ಗಕ್ಕೆ ಶಿಬಿರದಲ್ಲಿ ಕಲಿತ ಗಂಟನ್ನೇ ಹಾಕಿದ್ದಾಳಂತೆ, ಅತ್ತೆ ಮೆಚ್ಚಿದರಂತೆ. ಕೊನೆಯಲ್ಲಿ, ಈಗ ಎಲ್ಲರ ಜೊತೆಯಲ್ಲೇ ಉಣ್ಣುತ್ತೇನೆ ಮೇಡಂ, ಎಂದಿತ್ತು. ಆ ಪತ್ರ ಇಂದಿಗೂ ನನ್ನ ಬಳಿಯಿದೆ.

ಇನ್ನು ನನ್ನ ಅಧಿಕಾರದ ಪ್ರಶ್ನೆ. ಬಂಧುಗಳಿಗೆ ಈ ವಿಷಯ ಗೊತ್ತು, ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. 1991ರಲ್ಲಿ ಐದು ವರ್ಷದ ಮಗಳನ್ನು ಅತ್ತೆಯವರ ಬಳಿ ಬಿಟ್ಟು ಬೇರೆಯವರ ಮಕ್ಕಳನ್ನು ಕೊಂಡಜ್ಜಿಗೆ ಕರೆದೊಯ್ದವಳು ನಾನು. ಅದೇ ಮಗಳು 2002ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಗೆಳತಿಯರೊಡನೆ ಹಿಮಾಚಲಕ್ಕೆ ಚಾರಣ ಹೋಗುತ್ತೇನೆಂದಾಗ, "ಮುಂದಿನ ವರ್ಷ ನೋಡೋಣ" ಎಂದೆ. ಅಷ್ಟು ದೂರ, ಚಳಿ, ರೈಲು... ಕಾರಣಗಳಿಗೇನು ಕೊರತೆ? ಮುಂದಿನ ವರ್ಷ ಪಿ.ಯು.ಸಿ., ಅದರ ಮುಂದಿನ ವರ್ಷ ಸಿ.ಇ.ಟಿ. ಅವಳು ಮತ್ತೆ ಕೇಳಲಿಲ್ಲ. ಇತ್ತೀಚೆಗೆ ಅವಳ ಮಗಳ ರಜೆಯ ಮಾತು ಬಂದಾಗ ಸಹಜವಾಗಿ ಎಂಬಂತೆ ಅಂದಳು: "ಅಮ್ಮಾ, ನೀನು ಊರಿನ ಹುಡುಗಿಯರಿಗೆಲ್ಲ ಮೇಡಂ ಆಗಿದ್ದೆ. ನನಗೆ ಮಾತ್ರ ಅಮ್ಮ ಆಗಿಬಿಟ್ಟೆ." ಅದು ದೂರೋ, ಪ್ರೀತಿಯೋ? ಕೇಳಲು ನನಗೆ ಧೈರ್ಯವಾಗಲಿಲ್ಲ.

ಆದುದರಿಂದ ತಂದೆತಾಯಂದಿರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಭಯಪಡಿ, ಆದರೆ ಆ ಭಯವನ್ನು ಪ್ರಶ್ನೆಗಳನ್ನಾಗಿಸಿ. ಜೊತೆಯಲ್ಲಿ ಶಿಕ್ಷಕಿಯರು ಎಷ್ಟು ಮಂದಿ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಶೌಚಾಲಯ ಎಷ್ಟು ದೂರ, ಜ್ವರ ಬಂದರೆ ವೈದ್ಯರು ಯಾರು ಎಂದು ಕೇಳಿ. ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯಿದೆಯಿದೆ. ಕೇಳಲು ಸಂಕೋಚ ಬೇಡ. ಉತ್ತರಿಸಲು ಸಿಡುಕುವ ಶಿಬಿರಕ್ಕೆ ಕಳುಹಿಸಲೇಬೇಡಿ. ಸಮಾಧಾನದ ಉತ್ತರ ದೊರೆತ ಮೇಲೂ ಬೇಡವೆನಿಸಿದರೆ, ಆ ಭಯ ಮಗಳ ಕುರಿತದ್ದೋ, ನೆರೆಹೊರೆಯವರ ಮಾತಿನದ್ದೋ ಎಂದು ಒಮ್ಮೆ ಯೋಚಿಸಿ. 2002ರಲ್ಲಿ ನನ್ನದು ಹೆಚ್ಚಾಗಿ ಎರಡನೆಯದೇ ಆಗಿತ್ತು.

ಅಜ್ಜಿಯ ಮನೆಗೆ ಹೋಗುತ್ತಾಳಲ್ಲ, ಅದು ಸಾಲದೇ ಎನ್ನುವವರಿದ್ದಾರೆ. ಅಜ್ಜಿಮನೆ ಚೆಂದವೇ, ಸ್ವತಃ ನಾನೂ ಅಜ್ಜಿ. ಆದರೆ ಅಲ್ಲಿಯೂ ಅವಳು ಮೊಮ್ಮಗಳು, ಸೊಸೆ, ಅಕ್ಕ. ಲೋಟ ತೊಳೆಯಲು ಕರೆಯುವುದು ಅವಳನ್ನೇ. ತನ್ನನ್ನು ಯಾರೂ ಅರಿಯದ ಕಡೆ ನಾನು ಎಂತಹವಳು ಎಂದು ನೋಡಿಕೊಳ್ಳುವ ಅವಕಾಶ ಹುಡುಗಿಗೆ ಮದುವೆಗೆ ಮೊದಲು ಒಮ್ಮೆಯಾದರೂ ಸಿಗಲಿ. ಗಣಿತದ ಕೋಚಿಂಗ್ ಹತ್ತು ದಿನ ಕಾಯುತ್ತದೆ. ಗಣಿತ ಪಾಠ ಮಾಡಿದವಳೇ ಹೇಳುತ್ತಿದ್ದೇನೆ, ನಂಬಿ.

ಆ ಹುಡುಗಿ ಶಿಬಿರಕ್ಕೆ ಹೋದಳು. ಮೂರನೆಯ ದಿನ ಅವಳ ತಂದೆ ಮತ್ತೆ ಕರೆ ಮಾಡಿ, ಮಗಳು ಫೋನಿನಲ್ಲಿ ಬಹಳ ಅತ್ತಳು, ಹೋಗಿ ಕರೆತರಲೇ ಎಂದು ಕೇಳಿದ. ಇನ್ನೊಂದು ದಿನ ತಾಳು ಎಂದೆ. ಮರುದಿನ ಅವನ ಕರೆ ಬರಲಿಲ್ಲ. ಸಂಜೆ ನಾನೇ ಮಾಡಿದೆ. "ಇವತ್ತು ಅವಳು ಫೋನೇ ಮಾಡಲಿಲ್ಲ ಮೇಡಂ" ಎಂದ, ತುಸು ಬೇಸರದ ದನಿಯಲ್ಲಿ.